ಅಟ್ಟದ ಕೆಳಗಿನ ಟೇಬಲ್ಲು

ದೂರು ಹೇಳುವುದಕ್ಕೂ ಒಂದು ಎದೆಗಾರಿಕೆ ಬೇಕು. ನನಗೆ ಅದಿಲ್ಲ. ಕ್ಷೌರದವನು ಎಡಗಡೆಯ ಕೃತಾವನ್ನು ಬಲಗಡೆಯದಕ್ಕಿಂತ ಒಂದು ಬೆರಳು ಮೇಲೆ ಕತ್ತರಿಸಿ, ಕನ್ನಡಿ ಹಿಡಿದು ‘ಹೆಂಗೈತೆ ಸಾ?’ ಎಂದು ಕೇಳಿದರೆ, ‘ಬಹಳ ಚೆನ್ನಾಗಿದೆಯಪ್ಪ’ ಎಂದು ಹೇಳಿ, ತಲೆಯನ್ನು ಸ್ವಲ್ಪ ಓರೆ ಮಾಡಿಕೊಂಡು ಮನೆ ಸೇರುವವನು ನಾನು. ದರ್ಜಿ ಹೊಲಿದ ಷರಾಯಿಯ ಒಂದು ಕಾಲು ಗಿಡ್ಡವಾಗಿದ್ದರೆ ದೇವರು ನನ್ನ ಕಾಲನ್ನೇ ಉದ್ದ ಮಾಡಿರಬೇಕೆಂದು ಸಮಾಧಾನ ತಂದುಕೊಂಡಿದ್ದೇನೆ. ‘ನಿಮ್ಮ ಬಾಯೇನಿದ್ದರೂ ನನ್ನ ಹತ್ತಿರ, ಆಮೇಲೆ ಆ ಒಂಬತ್ತನೇ ಕ್ಲಾಸಿನ ಮಕ್ಕಳ ಹತ್ತಿರ’ ಎಂದು ನನ್ನ ಹೆಂಡತಿ ಹೇಳುವುದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಇಂಥ ನಾನು ಬದುಕಿನಲ್ಲಿ ಒಂದೇ ಒಂದು ಸಲ ಧೈರ್ಯ ಮಾಡಿ ದೂರು ಹೇಳಿದೆ. ಅದರ ಪರಿಣಾಮ ನೆನೆದರೆ ಈಗಲೂ ಪಕ್ಕದ ಮನೆಯಲ್ಲಿ ಯಾರಾದರೂ ಒನಕೆ ಬೀಳಿಸಿದಾಗ ನನ್ನ ಕತ್ತು ತಾನಾಗಿ ಹೆಗಲೊಳಕ್ಕೆ ಇಳಿದುಬಿಡುತ್ತದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ತುರುವೇಕೆರೆಯ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದಿದ್ದೆ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಊಟ, ತಿಂಡಿ, ಕಾಫಿ ಎಲ್ಲಕ್ಕೂ ಶಾಲೆಯ ಪಕ್ಕದಲ್ಲಿದ್ದ ಶಿವಣ್ಣನವರ ಹೋಟೆಲ್ಲೇ ಗತಿ. ಹೋಟೆಲ್ ಎಂದರೆ ಅವರ ಹಳೆಯ ಮನೆಯ ನಡುಮನೆಗೆ ನಾಲ್ಕಾರು ಟೇಬಲ್ಲು ಹಾಕಿ, ಬೀದಿಬಾಗಿಲಿನ ಪಕ್ಕದಲ್ಲಿ ಗಲ್ಲಾಪೆಟ್ಟಿಗೆ ಇಟ್ಟದ್ದು, ಅಷ್ಟೇ. ನಡುಮನೆಯ ಅರ್ಧ ಭಾಗಕ್ಕೆ, ಬೀದಿಬಾಗಿಲಿನಿಂದ ಒಳಮೂಲೆಯವರೆಗೆ, ಮರದ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ಕಡೆ ಕಾಯಿ ಕೆಡವಿದರೆ ಸುಲಿಯುತ್ತಾರೆ, ಮಾರುತ್ತಾರೆ, ಮುಗಿಯಿತು. ಈ ಸೀಮೆಯವರು ಹಾಗಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ, ಹತ್ತಿರ ಹತ್ತಿರ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಯಾರೋ ಬಾಗಿಲು ತಟ್ಟಿದಂತೆ ‘ಲೊಟಕ್, ಲೊಟಕ್’ ಅನ್ನುತ್ತದೆ. ಆಗ ಇಳಿಸಿ, ಸುಲಿದು, ತಿಪಟೂರಿನ ಸಂತೆಗೆ ಸಾಗಿಸುತ್ತಾರೆ. ಶಿವಣ್ಣನವರ ತಂದೆ ಇದ್ದಾಗ ದಿನಾ ಇಳಿಹೊತ್ತಿನಲ್ಲಿ ಅಟ್ಟ ಹತ್ತಿ, ಒಂದೊಂದೇ ಕಾಯನ್ನು ಕಿವಿಗಿಟ್ಟು ಕೇಳುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಹತ್ತುವವರಿಲ್ಲ. ಧಾರಣೆ ಏರಲಿ ಎಂದು ಶಿವಣ್ಣನವರು ಹಳೆಯ ಕಾಯನ್ನು ಇಳಿಸದೆ ಅದರ ಮೇಲೇ ಹೊಸ ಕಾಯನ್ನೂ ಒಟ್ಟಿಸಿದ್ದರು.

ಆ ಅಟ್ಟದ ಕೆಳಗೆ, ಗೋಡೆಯ ಮೂಲೆಯಲ್ಲಿ, ನನ್ನ ಟೇಬಲ್ಲು. ಹೋಟೆಲಿನ ಏಕೈಕ ಫ್ಯಾನು ಅಲ್ಲಿಗೆ ಮಾತ್ರ ಗಾಳಿ ಬೀಸುತ್ತಿತ್ತು. ಇಳಿಹೊತ್ತಿನಲ್ಲಿ ನನಗೆ ಪಾಠವಿರುತ್ತಿರಲಿಲ್ಲ. ಊಟದ ಗದ್ದಲ ಮುಗಿದು ಹೋಟೆಲು ಖಾಲಿಯಾಗಿರುತ್ತಿತ್ತು. ಶಿವಣ್ಣನವರು ಗಲ್ಲಾದ ಮೇಲೆ ಕೈಯೂರಿ, ಹಣೆಯ ವಿಭೂತಿ ಅಳಿಸದಂತೆ ಎಚ್ಚರವಾಗಿ ನಿದ್ದೆ ಮಾಡುತ್ತಿದ್ದರು. ಒಳಬಾಗಿಲ ಹೊಸ್ತಿಲಲ್ಲಿ ಅವರ ತಾಯಿ ಗೌರಜ್ಜಿ ಎಲೆಅಡಿಕೆ ಕುಟ್ಟುತ್ತಿದ್ದರು. ನನಗೆ ಕಾಫಿ ತರುತ್ತಿದ್ದವನು ಸಪ್ಲೈಯರ್ ಸಿದ್ದಪ್ಪ, ನಲವತ್ತು ದಾಟಿದ ಸಣಕಲು ಮನುಷ್ಯ.

ಇವನ ಮೇಲೆಯೇ ನನ್ನ ದೂರು. ಬೇರೆಯವರ ಟೇಬಲ್ಲಿಗೆ ಇಡ್ಲಿಯ ಜೊತೆ ಊರ ಸುದ್ದಿಯನ್ನೂ ಬಡಿಸುತ್ತಿದ್ದವನು ನನ್ನ ಟೇಬಲ್ಲಿನ ಹತ್ತಿರಕ್ಕೇ ಬರುತ್ತಿರಲಿಲ್ಲ. ಒಂದು ಮಾರು ದೂರದಲ್ಲಿ ನಿಂತು, ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ನನಗೆ ಅಂಟುಜಾಡ್ಯವಿದೆಯೇನೋ ಎಂಬಂತೆ ಕಾಫಿಯ ಲೋಟವನ್ನು ಟೇಬಲ್ಲಿನ ಅಂಚಿಗಿಟ್ಟು ಎರಡು ಬೆರಳಿನಲ್ಲಿ ತಳ್ಳುತ್ತಿದ್ದ. ಅರ್ಧ ಕಾಫಿ ನನಗೆ, ಅರ್ಧ ಟೇಬಲ್ಲಿಗೆ. ಒರೆಸಲೂ ಬರುತ್ತಿರಲಿಲ್ಲ, ಒದ್ದೆ ಬಟ್ಟೆಯನ್ನು ಅಲ್ಲಿಂದಲೇ ಎಸೆಯುತ್ತಿದ್ದ. ಕಾಲೇಜು ಓದಿದ ಮನುಷ್ಯ ತನ್ನ ಟೇಬಲ್ಲನ್ನು ತಾನೇ ಒರೆಸಿಕೊಳ್ಳಬೇಕು! ಒಂದು ದಿನ ಕೇಳಿಯೇಬಿಟ್ಟೆ.

‘ಏನಯ್ಯ, ನಾನೇನು ಹುಲಿಯೆ?’

ಸಿದ್ದಪ್ಪ ಮೇಲಕ್ಕೊಮ್ಮೆ ನೋಡಿ ಪಿಸುಗುಟ್ಟಿದ. ‘ನಿಮ್ದೇನಿಲ್ಲ ಸಾ. ಯಜಮಾನ್ರು ಓಡಾಡೋ ಹೊತ್ತು. ನೀವೂ ಈಚೆ ಕೂತ್ಕಬುಡಿ.’

‘ಯಾವ ಯಜಮಾನರು? ಅಲ್ಲಿ ನಿದ್ದೆ ಮಾಡುತ್ತಿದ್ದಾರಲ್ಲ.’

‘ಇವ್ರಲ್ಲ ಸಾ. ಇವ್ರಪ್ಪ.’

ನಾನು ನಕ್ಕೆ. ನಗುತ್ತಿರುವಾಗಲೇ ಕೇಳಿಸಿತು. ಬೀದಿಯ ಕಡೆಯಿಂದ, ನಮ್ಮ ತಲೆಯ ಮೇಲೆ, ಯಾರೋ ಬರಿಗಾಲಿನಲ್ಲಿ ನಡೆದು ಬಂದಂತೆ. ಧುಪ್. ಸ್ವಲ್ಪ ತಡೆದು ಮತ್ತೆ ಧುಪ್. ಧುಪ್. ಅದರ ಜೊತೆಗೆ ಮೆಲ್ಲಗೆ, ಮಂಡಿ ಸವೆದ ಮುದುಕರ ಕೀಲಿನ ಸದ್ದಿನಂತೆ, ಲೊಟಕ್. ಹೆಜ್ಜೆಗಳು ಸರಿಯಾಗಿ ನನ್ನ ನೆತ್ತಿಯ ಮೇಲೆ ಬಂದು ನಿಂತವು. ಹಲಗೆಯ ಸಂದಿನಿಂದ ಚಿಟಿಕೆ ದೂಳು ಇಳಿದು ಕಾಫಿಯ ಮೇಲೆ ತೇಲಿತು. ಸಿದ್ದಪ್ಪ ಅಷ್ಟರಲ್ಲಿ ಅಡಿಗೆಮನೆಯಲ್ಲಿದ್ದ. ಗೌರಜ್ಜಿ ಮಾತ್ರ ಕುಟ್ಟುವುದನ್ನು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ಮತ್ತೆ ಕುಟ್ಟತೊಡಗಿದರು.

ನಾನು ವಿಜ್ಞಾನದ ಮೇಷ್ಟ್ರಲ್ಲವೆ, ಹೆದರಲಿಲ್ಲ. ಅಂದರೆ, ಹೆದರಿದ್ದನ್ನು ಒಪ್ಪಲಿಲ್ಲ. ಸಿಪ್ಪೆಯ ಕಾಯಿ ಗುಂಡಗಿಲ್ಲ, ಅದಕ್ಕೆ ಮೂರು ಏಣು. ಉರುಳಿದರೆ ಮಗ್ಗುಲು ಬದಲಾಯಿಸುವಾಗಲೆಲ್ಲ ‘ಧುಪ್’ ಅನ್ನುತ್ತದೆ. ಒಳಗಿನ ಉಂಡೆ ‘ಲೊಟಕ್’ ಅನ್ನುತ್ತದೆ. ಇಷ್ಟೇ ರಹಸ್ಯ ಎಂದು ಸಿದ್ದಪ್ಪನಿಗೆ ಪಾಠ ಮಾಡಿದೆ. ‘ಹೌದಾ ಸಾ’ ಎಂದು ಭಕ್ತಿಯಿಂದ ಕೇಳಿ, ಮರುದಿನವೂ ಲೋಟವನ್ನು ತಳ್ಳಿದ. ಹೆಜ್ಜೆಗಳು ದಿನವೂ ಬಂದವು. ಬೀದಿಯ ಕಡೆಯಿಂದ ಬಂದು ನನ್ನ ತಲೆಯ ಮೇಲೆ ನಿಲ್ಲುತ್ತಿದ್ದವು. ಒಂದು ದಿನವೂ ಹಿಂದಿರುಗಿ ಹೋಗಲಿಲ್ಲ. ಬರುವವರು ಬರುತ್ತಲೇ ಇದ್ದರು, ನನ್ನ ತಲೆಯ ಮೇಲೆ ಗುಂಪು ಕೂಡುತ್ತಲೇ ಇದ್ದರು. ಆ ವಾರವೇ ನಾನು ಒಂಬತ್ತನೇ ಕ್ಲಾಸಿಗೆ ಇಳಿಜಾರಿನ ಪಾಠ ಮಾಡುತ್ತಿದ್ದೆ. ‘ಕಾಯಗಳು ಎತ್ತರದಿಂದ ತಗ್ಗಿಗೆ ಉರುಳುತ್ತವೆ’ ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಕೈಗಂಟಿದ ಸೀಮೆಸುಣ್ಣ ಒರೆಸಿಕೊಂಡು, ನೆಟ್ಟಗೆ ಬಂದು ಆ ತಗ್ಗಿನ ಅಡಿಯಲ್ಲೇ ಕೂರುತ್ತಿದ್ದೆ. ಬೋರ್ಡಿನ ಮೇಲಿನದು ಪರೀಕ್ಷೆಗೆ ಮಾತ್ರ ಎಂದು ಮಕ್ಕಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತೆಂದು ಕಾಣುತ್ತದೆ.

ನನ್ನ ಚಿಂತೆಯೆಲ್ಲ ದೂರಿನದು. ಹೇಳಬೇಕೋ ಬೇಡವೋ? ಶಿವಣ್ಣನವರು ದೂರಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹಿಂದಿನ ಸಪ್ಲೈಯರನ್ನು, ಮಾಯಸಂದ್ರದ ಗಿರಾಕಿಯೊಬ್ಬರು ಉಪ್ಪಿಟ್ಟಿನಲ್ಲಿ ಕೂದಲು ತೋರಿಸಿದರೆಂದು, ಉಟ್ಟ ಬಟ್ಟೆಯಲ್ಲೇ ಕಳಿಸಿದ್ದರು. ಆ ಗಿರಾಕಿಯ ತಲೆಯಲ್ಲಿ ಉದುರುವುದಕ್ಕೆ ಕೂದಲು ಧಾರಾಳವಾಗಿತ್ತು ಎಂಬುದು ಬೇರೆ ಮಾತು. ನಾನು ಬಾಯಿಬಿಟ್ಟರೆ ಸಿದ್ದಪ್ಪನ ಅನ್ನ ಹೋಗುತ್ತದೆ. ಬಿಡದಿದ್ದರೆ ನನ್ನ ಮರ್ಯಾದೆ ಅರ್ಧ ಲೋಟಕ್ಕೆ ಇಳಿಯುತ್ತದೆ. ರಾತ್ರಿ ಹಾಸಿಗೆಯಲ್ಲಿ ವಾಕ್ಯ ಜೋಡಿಸುತ್ತಿದ್ದೆ, ಬೆಳಿಗ್ಗೆ ಇಡ್ಲಿಯ ಜೊತೆ ನುಂಗುತ್ತಿದ್ದೆ.

ಕೊನೆಗೆ ನಿರ್ಧಾರ ಮಾಡಿಸಿದ್ದು ಒಂದು ಬಿಳಿಯ ಅಂಗಿ. ಮಗು ಹುಟ್ಟಿತೆಂದು ಮಾವನವರು ಕಳಿಸಿದ್ದ ಹೊಸ ಅಂಗಿ. ಅದನ್ನು ಹಾಕಿಕೊಂಡು ಹೋದ ದಿನ ಇಳಿಹೊತ್ತಿನಲ್ಲಿ ಸಿದ್ದಪ್ಪ ತಳ್ಳಿದ ಲೋಟ ಎಂದಿಗಿಂತ ಜೋರಾಗಿ ಜಾರಿ ಬಂದು ಪೂರ್ತಿ ನನ್ನ ಎದೆಯ ಮೇಲೆ ಮಗುಚಿತು. ಟೇಬಲ್ಲು ಕೂಡ ಆಗ ಸ್ವಲ್ಪ ನನ್ನ ಕಡೆಗೇ ವಾಲಿತ್ತೇನೋ ಎಂದು ಈಗ ಅನ್ನಿಸುತ್ತದೆ. ಎದ್ದೆ. ನಾನೇ ಎದ್ದೆನೋ, ಅಂಗಿ ಎಬ್ಬಿಸಿತೋ ತಿಳಿಯದು. ಗಲ್ಲಾದ ಮುಂದೆ ಹೋಗಿ ನಿಂತು, ಜೋಡಿಸಿಟ್ಟಿದ್ದ ವಾಕ್ಯಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ.

ಶಿವಣ್ಣನವರು ಕಣ್ಣು ಬಿಟ್ಟರು. ‘ಹಂಗಾ ಮೇಷ್ಟ್ರೇ? ನೀವು ಹೇಳಿದ್ಮೇಲೆ ಮುಗೀತು. ಸಿದ್ದಾ! ಬಾರ್ಲಾ ಇಲ್ಲಿ. ಮೇಷ್ಟ್ರ ಟೇಬಲ್ ತಾವ ಹೋಗೋಕೆ ಏನ್ಲಾ ನಿಂಗೆ ದಾಡಿ?’

‘ಅಣ್ಣಾ, ಅಲ್ಲಿ ದೊಡ್ಡೋರು…’

‘ದೊಡ್ಡೋರೂ ಇಲ್ಲ, ಚಿಕ್ಕೋರೂ ಇಲ್ಲ. ಈಗ ಹೋಗಿ ಒರಸ್ಬೇಕು. ನಿಂತ್ಕಂಡಲ್ಲ, ಕೂತ್ಕಂಡು. ಇಲ್ಲಾಂದ್ರೆ ಹಂಗೇ ಬಸ್ ಸ್ಟ್ಯಾಂಡಿಗೆ ನಡಿ.’

ಸಿದ್ದಪ್ಪ ನನ್ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದಿದ್ದರೆ ಚೆನ್ನಾಗಿತ್ತು. ಬಟ್ಟೆ ಹಿಡಿದು ಹೋದ. ನಾನು ಕೂರುತ್ತಿದ್ದ ಕುರ್ಚಿಯಲ್ಲೇ ಕೂತು, ಕಣ್ಣು ಮುಚ್ಚಿ ಒರೆಸತೊಡಗಿದ. ಆಗ ಬೀದಿಯ ಕಡೆಯಿಂದ, ಸರಿಯಾಗಿ ನನ್ನ ತಲೆಯ ಮೇಲಿಂದಲೇ, ಹೆಜ್ಜೆ ಹೊರಟಿತು. ಧುಪ್. ಧುಪ್. ಒಂದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೆರಡು. ಒಂದು ಮದುವೆಯ ದಿಬ್ಬಣವೇ ಬರಿಗಾಲಲ್ಲಿ ಅವನತ್ತ ಹೊರಟ ಹಾಗೆ. ಗೋಡೆಯೊಳಗಿನ ತೊಲೆ ದನ ನರಳಿದಂತೆ ನರಳಿತು. ಸಿದ್ದಪ್ಪನ ತಲೆಯ ಮೇಲಿನ ಹಲಗೆಗಳು ಮಣಭಾರ ಹೊತ್ತ ಗೋಣಿಯ ಹೊಟ್ಟೆಯಂತೆ ಕೆಳಗೆ ಜೋತದ್ದನ್ನು ಕಂಡೆ. ದೂಳು ಸಣ್ಣ ಮಳೆಯಂತೆ ಇಳಿಯುತ್ತಿತ್ತು. ಬೋರ್ಡಿನ ಮೇಲೆ ನಾನೇ ಬರೆದ ವಾಕ್ಯ ಆಗ ಅರ್ಥವಾಯಿತು.

‘ಎದ್ದು ಬಾ’ ಎಂದು ಕೂಗಬೇಕಿತ್ತು. ‘ಓಡು’ ಎನ್ನಬೇಕಿತ್ತು. ನನ್ನ ಗಂಟಲಿಗೆ ಗಟ್ಟಿಯಾಗಿ ಕೂಗಿ ಅಭ್ಯಾಸವಿದ್ದದ್ದು ಒಂದೇ ಮಾತು. ಅದೇ ಹೊರಬಿತ್ತು.

‘ಸೈಲೆನ್ಸ್!’

ಶಿವಣ್ಣನವರು ಬೆಚ್ಚಿಬಿದ್ದರು. ಗೌರಜ್ಜಿಯ ಕುಟ್ಟಾಣಿ ನಿಂತಿತು. ಸಿದ್ದಪ್ಪ, ಎಂದೋ ಬಿಟ್ಟ ಸ್ಕೂಲಿನ ಭಯ ನೆನಪಾಯಿತೇನೋ, ಕೈಕಟ್ಟಿಕೊಂಡು ಎದ್ದು ನಿಂತು, ನನ್ನ ಕಡೆಗೆ ನಾಲ್ಕು ಹೆಜ್ಜೆ ನಡೆದು ಬಂದ. ನಾನು ಇದುವರೆಗೆ ಯಾರಿಗೂ ಹೇಳದ ಮಾತೆಂದರೆ ಇದು: ಅಟ್ಟದ ಮೇಲಿನ ಹೆಜ್ಜೆಗಳೂ ನಿಂತವು. ಒಂದು ಉಸಿರಿನಷ್ಟು ಹೊತ್ತು ಇಡೀ ಅಟ್ಟ ಕೈಕಟ್ಟಿ ನಿಂತಿತ್ತು. ಆಮೇಲೆ ಬಿತ್ತು.

ಸದ್ದು ನನಗೆ ನೆನಪಿಲ್ಲ. ಸದ್ದು ಮುಗಿದ ಮೇಲಿನದು ನೆನಪಿದೆ. ಮೂಲೆಯಲ್ಲಿ ಟೇಬಲ್ಲಿಲ್ಲ, ಕುರ್ಚಿಯಿಲ್ಲ, ಫ್ಯಾನಿಲ್ಲ. ಆಳೆತ್ತರದ ಕಾಯಿಗುಡ್ಡೆ, ಅದರೊಳಗಿಂದ ಮುರಿದ ತೊಲೆ, ಮೂಗಿಗೆ ಹಳೆಯ ಕೊಬ್ಬರಿಯ ಎಣ್ಣೆ ವಾಸನೆ. ಗುಡ್ಡೆಯಿಂದ ಒಂದು ಕಾಯಿ ಮಾತ್ರ ಬಿಡಿಸಿಕೊಂಡು, ಧುಪ್, ಧುಪ್ ಎಂದು ನೆಲದ ಮೇಲೆ ನಡೆದು ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು. ಒಳಗೆ ಒಂದು ಸಲ ‘ಲೊಟಕ್’ ಎಂದಿತು.

ಗೌರಜ್ಜಿ ಹೊಸ್ತಿಲಿನಿಂದ ಕೇಳಿದರು, ‘ಶಿವಾ, ನಿಮ್ಮಪ್ಪ ಇಳಿದ್ರೇನ್ಲಾ?’

ಶಿವಣ್ಣನವರು ಗಲ್ಲಾಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರು. ಸಿದ್ದಪ್ಪ ಹೇಳಿದ, ‘ಮೇಷ್ಟ್ರು ಗದರಿಸಿದ್ರು ಕಣಜ್ಜಿ. ನಾನು ಈಚೆ ಬರಗಂಟ ಯಜಮಾನ್ರು ಹಂಗೇ ನಿಂತ್ಬುಟ್ಟಿದ್ರು.’

ಊರೆಲ್ಲ ಇದೇ ಕಥೆಯಾಯಿತು. ನಾನು ದೂರು ಹೇಳಲು ಎದ್ದದ್ದರಿಂದ ನಾನು ಉಳಿದೆ. ನಾನು ದೂರು ಹೇಳಿದ್ದರಿಂದಲೇ ಆ ಬಡಪಾಯಿ ನನ್ನ ಕುರ್ಚಿಯಲ್ಲಿ ಹೋಗಿ ಕೂತ. ಈ ಲೆಕ್ಕವನ್ನು ನಾನು ಎಷ್ಟು ಸಲ ಬಿಡಿಸಿದರೂ ಉತ್ತರ ತಾಳೆಯಾಗುವುದಿಲ್ಲ. ಊರಿನವರಿಗೆ ಮಾತ್ರ ಲೆಕ್ಕ ಸುಲಭ. ಹುಳಿಯಾರಿನ ಕಡೆಯಿಂದ ಒಬ್ಬರು ಬಂದು, ತಮ್ಮ ಮನೆಯ ಅಟ್ಟದಲ್ಲೂ ಸದ್ದಾಗುತ್ತದೆ, ಒಂದು ಸಲ ಬಂದು ಇಂಗ್ಲಿಷಿನಲ್ಲಿ ಗದರಿಸಿ ಹೋಗಬೇಕು ಎಂದು ಕರೆದರು.

ಶಿವಣ್ಣನವರು ಹೊಸ ತೊಲೆ ಹಾಕಿಸಿ ಅಟ್ಟ ಕಟ್ಟಿಸಿ, ಮೂಲೆಗೆ ಇನ್ನೊಂದು ಟೇಬಲ್ಲನ್ನೂ ತಂದಿಟ್ಟರು. ಅದೇ ಕಾಯನ್ನೆಲ್ಲ ಮತ್ತೆ ಅದರ ಮೇಲೇ ಏರಿಸಿದರು! ಇದು ದೂರು ಹೇಳಬೇಕಾದ ವಿಷಯ. ಅಂಗಿಯದಲ್ಲ, ಪ್ರಾಣದ್ದು. ಹೋಗಿ ಭಾರ, ಇಳಿಜಾರು, ತೊಲೆಯ ಶಕ್ತಿ ಎಲ್ಲವನ್ನೂ ವಿವರಿಸಿದೆ. ‘ಹೂಂ ಬುಡಿ ಮೇಷ್ಟ್ರೇ, ನೋಡಾನ. ಕಾಫಿ ಸರಿಯಾಗಿ ಬತ್ತಾ ಐತಲ್ಲ?’ ಎಂದರು. ವಿಜ್ಞಾನ ಮುಗಿಯಿತು. ನಾನು ಧ್ವನಿ ತಗ್ಗಿಸಿ, ‘ಭಾರ ಹೆಚ್ಚಾಯ್ತು ಅಂತ ನಿಮ್ಮ ತಂದೆಯವರೇ ಹೇಳುತ್ತಿದ್ದಾರೆ’ ಎಂದೆ. ಮರುದಿನ ಬೆಳಿಗ್ಗೆ ಅಟ್ಟ ಖಾಲಿ. ಒಂದು ಕಾಯಿಯೂ ಇಲ್ಲದಂತೆ ಗುಡಿಸಿ, ಲಾರಿಗೆ ತುಂಬಿ, ತಿಪಟೂರಿಗೆ ಕಳಿಸಿಬಿಟ್ಟಿದ್ದರು. ಬಿ.ಎಸ್ಸಿ. ಪದವಿಯಿಂದ ನಾನು ಮಾಡಿದ ಏಕೈಕ ಲೋಕೋಪಕಾರ ಅದು.

ಆ ಇಳಿಹೊತ್ತು ಗೆದ್ದವನಂತೆ ಮೂಲೆಯ ಟೇಬಲ್ಲಿನಲ್ಲಿ ಕೂತೆ. ಸಿದ್ದಪ್ಪ ಈಗ ಹತ್ತಿರ ಬಂದದ್ದಷ್ಟೇ ಅಲ್ಲ, ಬಂದವನು ಹೋಗಲೇ ಇಲ್ಲ. ಬಿಸಿಬಿಸಿ ಕಾಫಿಯನ್ನು ಎರಡೂ ಕೈಯಲ್ಲಿ ಇಟ್ಟು, ನನ್ನ ಬೆನ್ನಿಗೆ ಅಂಟಿಕೊಂಡೇ ನಿಂತ. ಅವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಇದನ್ನು ದೂರಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಗೌರಜ್ಜಿ ಕುಟ್ಟುವುದನ್ನು ನಿಲ್ಲಿಸಿ ಸೆರಗು ಸರಿಮಾಡಿಕೊಂಡರು.

ಧುಪ್. ಬೀದಿಯ ಕಡೆಯಿಂದ. ಧುಪ್. ಧುಪ್. ನನ್ನ ನೆತ್ತಿಯ ಮೇಲೆ ಬಂದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ಅದೇ ದಾರಿಯಲ್ಲಿ, ಅಷ್ಟೇ ನಿಧಾನವಾಗಿ, ಹಿಂದಿರುಗಿ ಹೊರಟಿತು.

‘ಸಾ,’ ಎಂದ ಸಿದ್ದಪ್ಪ ಕಿವಿಯಲ್ಲಿ, ‘ಒಂದ್ ಮಾತು ಗದರಿಸ್ಬುಡಿ ಸಾ.’

ಇಲಿ ಇರಬೇಕು. ಇಲಿಯೆಂದೇ ನಾನು ತೀರ್ಮಾನಿಸಿದ್ದೇನೆ. ಗದರಿಸೋಣವೆಂದು ಬಾಯನ್ನೂ ತೆರೆದೆ. ಆದರೆ, ಅಂದಿನಂತೆ ಗದರಿಸಿದೊಡನೆ ಅದು ನಿಂತುಬಿಟ್ಟರೆ? ತೆರೆದ ಬಾಯಿಗೆ ಲೋಟ ಹಿಡಿದು, ಸದ್ದಾಗದಂತೆ ಕಾಫಿ ಕುಡಿದೆ. ಸಕ್ಕರೆ ಹಾಕಿರಲಿಲ್ಲ. ಬಹಳ ಚೆನ್ನಾಗಿದೆಯಪ್ಪ ಎಂದೆ.