ಒಂಬತ್ತನೇ ಮಂಚದ ಕಾಲನಿರ್ಣಯ

ಆಸ್ಪತ್ರೆಯ ಸಮಸ್ತ ಸಿಬ್ಬಂದಿಯೂ ಇಂಗ್ಲಿಷ್ ಕ್ರಿಯಾಪದಗಳ ಕಾಲವನ್ನು ಸರಿಯಾಗಿ ಬಲ್ಲವರಾಗಿರತಕ್ಕದ್ದು ಎಂಬ ಸುತ್ತೋಲೆ ಹೊರಟಾಗ ಗಂಡಸರ ವಾರ್ಡಿನಲ್ಲಿ ಹತ್ತೊಂಬತ್ತು ರೋಗಿಗಳೂ ಹನ್ನೊಂದು ಮಂಚಗಳೂ ಇದ್ದವು. ಮಂಚಗಳ ವಿಷಯ ಸುತ್ತೋಲೆಯಲ್ಲಿ ಇರಲಿಲ್ಲ. ಪರೀಕ್ಷೆಯಲ್ಲಿ ನಲವತ್ತು ಬಿಟ್ಟ ಸ್ಥಳಗಳು. ಮೂವತ್ತೈದನ್ನು ಸರಿಯಾಗಿ ತುಂಬಿದವರ ನೌಕರಿ ಕಾಯಂ, ಉಳಿದವರು ಮನೆಗೆ.

ಆ ವಾರ್ಡಿನ ಆಯಾಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಹದಿನೆಂಟು ವರ್ಷದಿಂದ ದಿನಗೂಲಿಯಲ್ಲೇ ಬೆಡ್‌ಪ್ಯಾನ್ ತೊಳೆಯುತ್ತಿದ್ದಳು. ಅವಳಿಗೆ ಗೊತ್ತಿದ್ದ ಕಾಲಗಳು ಎರಡೇ: ಪಾಳಿ ಶುರುವಾಗುವ ಕಾಲ, ಪಾಳಿ ಮುಗಿಯದ ಕಾಲ.

ಅವಳ ಪುಣ್ಯಕ್ಕೆ ಒಂಬತ್ತನೇ ಮಂಚದಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ತೊಡೆಮೂಳೆ ಮುರಿದುಕೊಂಡು ಮಲಗಿದ್ದರು. ಮೂಳೆ ಡಾಕ್ಟರಿಗಾಗಿ ಕಾಯುತ್ತಾ ಅವರಿಗದು ಹನ್ನೆರಡನೇ ದಿನ. ಡಾಕ್ಟರು ಗೈರುಹಾಜರು ಎನ್ನುವಂತಿರಲಿಲ್ಲ. ಎದುರು ರಸ್ತೆಯಲ್ಲೇ ಅವರ ಸ್ವಂತ ಕ್ಲಿನಿಕ್ಕು. ಅವರು ರೋಗಿಗಳನ್ನು ನೋಡುತ್ತಿರುವುದು ವಾರ್ಡಿನ ಕಿಟಕಿಯಿಂದ ಚೆನ್ನಾಗಿ ಕಾಣುತ್ತಿತ್ತು.

ನೋವು ಮರೆಯಲು ಮೇಷ್ಟ್ರು ಅಕ್ಕನಿಗೆ ಪಾಠ ಶುರುಮಾಡಿದರು. ಡಾಕ್ಟರು ಬರುವ ಮುಂಚೆಯೇ ರೋಗಿ ಸತ್ತುಹೋಗಿದ್ದ ಎಂಬ ವಾಕ್ಯ ಅವರಿಗೆ ಬಲು ಪ್ರಿಯ. ಮೂವತ್ನಾಲ್ಕು ವರ್ಷ, ವರ್ಷಕ್ಕೆ ಎರಡು ಸಲದಂತೆ, ಆ ರೋಗಿಯನ್ನು ಅವರು ಪ್ರಶ್ನೆಪತ್ರಿಕೆಯಲ್ಲಿ ಸಾಯಿಸಿದ್ದರು. ಹಿಂದೆ ನಡೆದ ಎರಡು ಕೆಲಸಗಳಲ್ಲಿ ಮೊದಲು ನಡೆದದ್ದಕ್ಕೆ 'ಹ್ಯಾಡ್' ಹಚ್ಚಬೇಕು ಎಂದು ವಿವರಿಸಿದರು. ಡಾಕ್ಟರೇ ಮೊದಲು ಬಂದರೆ ಏನು ಮಾಡಬೇಕು ಎಂದು ಅಕ್ಕ ಕೇಳಿದಳು.

"ವ್ಯಾಕರಣದಲ್ಲಿ ಅಂಥ ಉದಾಹರಣೆ ಇಲ್ಲಮ್ಮ," ಎಂದರು ಮೇಷ್ಟ್ರು.

ಪರೀಕ್ಷೆಯಲ್ಲಿ ಮೂವತ್ತೊಂದನೇ ಪ್ರಶ್ನೆಯಾಗಿ ಅದೇ ವಾಕ್ಯ ಬಂತು: 'ದಿ ಪೇಷೆಂಟ್', ಆಮೇಲೆ ಒಂದು ಗೆರೆ, ಆಮೇಲೆ 'ಬಿಫೋರ್ ದಿ ಡಾಕ್ಟರ್ ಕೇಮ್'. ಅಕ್ಕ ಕಣ್ಣುಮುಚ್ಚಿ 'ಹ್ಯಾಡ್ ಡೈಡ್' ಎಂದು ತುಂಬಿದಳು. ಕೂದಲೆಳೆಯ ಅಂತರದಲ್ಲಿ ಪಾರಾದಳು, ಸರಿಯಾಗಿ ಮೂವತ್ತೈದು. ಅವತ್ತು ಮೇಷ್ಟ್ರಿಗೆ ಎರಡು ದಿಂಬು ಸಿಕ್ಕವು.

ನಾಲ್ಕನೇ ದಿನ ದಾಖಲೆ ವಿಭಾಗದ ಗುಮಾಸ್ತರು ವಾರ್ಡಿಗೆ ಬಂದು ಅಕ್ಕನ ಕೈಗೊಂದು ಜ್ಞಾಪನ ಕೊಟ್ಟರು. ಸದರಿ ಆಯಾ, ಡಾಕ್ಟರು ಬರುವ ಮುನ್ನ ರೋಗಿಯು ಮೃತಪಟ್ಟಿದ್ದನೆಂದು ಸರ್ಕಾರಿ ಕಾಗದದ ಮೇಲೆ ಸ್ವಹಸ್ತದಿಂದ ಬರೆದು ಸಹಿ ಮಾಡಿದ್ದು, ವಾರ್ಡಿನ ರಿಜಿಸ್ಟರಿನಲ್ಲಿ ಅಂಥ ಮರಣವು ನಮೂದಾಗಿರುವುದಿಲ್ಲ. ಸದರಿ ಮಾಹಿತಿಯು ಸುಳ್ಳಾಗಿದ್ದಲ್ಲಿ ನೌಕರಿಯಿಂದ ವಜಾ ಮಾಡಲಾಗುವುದು. ನಿಜವಾಗಿದ್ದಲ್ಲಿ ಹೆಣವನ್ನು ಹಾಜರುಪಡಿಸತಕ್ಕದ್ದು.

ಅದು ಬರೀ ವ್ಯಾಕರಣ ಎಂದು ಅಕ್ಕ ಅಂಗಲಾಚಿದಳು. ಉತ್ತರ ಸರಿಯೆಂದು ಮೇಲಿನವರೇ ಅಂಕ ಕೊಟ್ಟಿರುವಾಗ ಅದನ್ನು ಸುಳ್ಳೆನ್ನಲು ತಾನು ಯಾವ ಊರ ದಾಸಯ್ಯ ಎಂದರು ಗುಮಾಸ್ತರು. ಯಾವ ರೋಗಿ ಎಂಬುದಷ್ಟೇ ಗೊತ್ತಾಗಬೇಕಿತ್ತು. ಯಾರೋ ಒಬ್ಬ ರೋಗಿ ಎಂದಿಟ್ಟುಕೊಂಡು ಕಡತ ಮುಗಿಸಬಹುದೇನೋ ಎಂದು ಅವರು ತಲೆ ಕೆರೆದುಕೊಳ್ಳುತ್ತಿರುವಾಗ, ಮೇಷ್ಟ್ರಿಗೆ ಸುಮ್ಮನಿರಲಾಗಲಿಲ್ಲ.

"ಯಾರೋ ಒಬ್ಬ ಹೇಗಾಗ್ತಾನೆ? 'ದಿ' ಇದೆಯಲ್ಲ. ನಮಗೆ ಗೊತ್ತಿರೋ ಆ ಒಬ್ಬನೇ ರೋಗಿ ಅಂತ ಅರ್ಥ."

ಗುಮಾಸ್ತರು ಅದನ್ನು ಬರೆದುಕೊಂಡರು. ವಾರ್ಡಿನ ಮಿಕ್ಕವರನ್ನೆಲ್ಲ ಕಾಂಪೌಂಡರೇ ನೋಡಿಕೊಳ್ಳುತ್ತಿದ್ದ. ಡಾಕ್ಟರಿಗಾಗಿ ಕಾಯುತ್ತಿದ್ದದ್ದು ಒಂಬತ್ತನೇ ಮಂಚ ಒಂದೇ.

ಅಧೀಕ್ಷಕರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಸುದ್ದಿ ತಿಳಿದು ಡಾಕ್ಟರು ಹತ್ತೇ ನಿಮಿಷದಲ್ಲಿ ರಸ್ತೆ ದಾಟಿ ಬಂದರು. ವಾಕ್ಯದ ಒಂದಕ್ಷರವೂ ಬದಲಾಗಬಾರದೆಂದು ಅವರ ಪ್ರಾರ್ಥನೆ. ಡಾಕ್ಟರು ಬಂದರು ಎಂದು ಇಲಾಖೆಯೇ ಮುದ್ರಿಸಿತ್ತು; ಆ ವರ್ಷದಲ್ಲಿ ಅವರ ಹಾಜರಿಗೆ ಇದ್ದ ದಾಖಲೆ ಅದೊಂದೇ. ಹೇಗೂ ಮಂಚವೊಂದು ಖಾಲಿಯಾಗುತ್ತದೆ ಎಂದು ಅಧೀಕ್ಷಕರು ತಲೆಯಾಡಿಸಿದರು.

ಒಪ್ಪದವಳು ಅಕ್ಕ ಒಬ್ಬಳೇ. "ನನ್ನ ಉತ್ತರ ತಪ್ಪು ಅಂತ ಬರೆದುಕೊಳ್ಳಿ ಸಾರ್. ನಾನು ಮನೆಗೆ ಹೋಗ್ತೀನಿ. ಮೇಷ್ಟ್ರು ಬದುಕಿದ್ದಾರೆ."

ಸ್ಟ್ರೆಚರಿನಲ್ಲಿ ಕರೆತಂದಿದ್ದ ಮೇಷ್ಟ್ರು ಮೊಣಕೈ ಊರಿ ತಲೆಯೆತ್ತಿದರು. ಕಲಿಸಿದ್ದನ್ನು ಸರಿಯಾಗಿ ಬರೆದವಳು ಅದೇ ಕಾರಣಕ್ಕೆ ಬೀದಿಗೆ ಬೀಳುವುದು ಅವರಿಂದ ನೋಡಲಾಗಲಿಲ್ಲ. "ಅವಳ ಉತ್ತರ ಸರಿ ಇದೆ. ಸರಿ ಉತ್ತರಕ್ಕೆ ತಪ್ಪು ಹಾಕೋದಕ್ಕೆ ನಾನು ಬದುಕಿರೋ ತನಕ ಬಿಡಲ್ಲ," ಎಂದರು.

ಹಾಗಾದರೆ ಇನ್ನೇನೂ ಅಡ್ಡಿಯಿಲ್ಲವೆಂದು ಅಧೀಕ್ಷಕರು ಮರಣಪತ್ರ ತರಿಸಿದರು. ಮೇಷ್ಟ್ರು ಅದರಲ್ಲಿನ ಎರಡು ಕಾಗುಣಿತ ದೋಷಗಳನ್ನು ತಿದ್ದಿ ಒಪ್ಪಿಗೆಯ ಸಹಿ ಹಾಕಿದರು.

ದಿನವೂ ವಾರ್ಡಿಗೆ ಊಟ ತರುತ್ತಿದ್ದ ಮೇಷ್ಟ್ರ ಹೆಂಡತಿ ನಾಳೆಯೂ ತರಬೇಕೇ ಎಂದು ವಿಚಾರಿಸಿದರು. ಮೃತರಿಗೆ ವಾರ್ಡಿನಲ್ಲಿ ಊಟ ಕೊಡುವಂತಿಲ್ಲ, ಮನೆಯಲ್ಲಿ ಕೊಡಬಾರದೆಂದು ನಿಯಮವಿಲ್ಲ ಎಂಬ ಉತ್ತರ ಸಿಕ್ಕಿತು. ಹೊರಡುವ ಮುನ್ನ ಆ ಕಾಲನ್ನಾದರೂ ಒಮ್ಮೆ ನೋಡಿ ಎಂದು ಅಕ್ಕ ಡಾಕ್ಟರ ದಾರಿಗೆ ಅಡ್ಡ ನಿಂತಳು. ಡಾಕ್ಟರು ವಿಷಾದದಿಂದಲೇ ಹೇಳಿದರು: ಹೆಣಗಳ ವಿಭಾಗ ಬೇರೆ.

ಮೂಳೆ ತನಗೆ ತೋಚಿದಂತೆ ಕೂಡಿಕೊಂಡಿತು. ಒಂದು ಕಾಲು ಎರಡು ಬೆರಳಿನಷ್ಟು ಗಿಡ್ಡವಾಯಿತು. ಕಾಯಂ ಆದೇಶವನ್ನು ಅಕ್ಕ ಓದದೆ ಮಡಿಸಿ ಪೆಟ್ಟಿಗೆಗೆ ಹಾಕಿದಳು. ಪಾಳಿ ಮುಗಿಸಿ ದಿನವೂ ಮೇಷ್ಟ್ರ ಮನೆಗೆ ಹೋಗಿ, ತೋಳು ಹಿಡಿದು ಹಜಾರದ ಈ ಗೋಡೆಯಿಂದ ಆ ಗೋಡೆಗೆ ನಡೆಸಿದಳು.

ಎರಡು ತಿಂಗಳಾದ ಮೇಲೆ ಮೇಷ್ಟ್ರು ಕಲಿಸಿದ್ದ ಶಾಲೆಯಲ್ಲಿ ಸಂತಾಪಸಭೆ ಏರ್ಪಾಡಾಯಿತು. ಕರೆದಿದ್ದರು, ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಮೇಷ್ಟ್ರು ಊರುಗೋಲು ಹಿಡಿದು ಹೋಗಿ ಮೂರನೇ ಸಾಲಿನಲ್ಲಿ ಕುಳಿತರು. ಮುಖ್ಯೋಪಾಧ್ಯಾಯರು ಗದ್ಗದಿತರಾಗಿ ಮಾತಾಡಿದರು. ಅಂಥ ಗುರುಗಳು ಎಲ್ಲಿಗೂ ಹೋಗುವುದಿಲ್ಲ, ಇವತ್ತಿಗೂ ನಮ್ಮ ನಡುವೆಯೇ ಇದ್ದಾರೆ ಎಂದರು.

ಮೇಷ್ಟ್ರು ಕಷ್ಟಪಟ್ಟು ಎದ್ದು ನಿಂತರು.

"ಇದ್ದರು," ಎಂದು ತಿದ್ದಿದರು. "ಭೂತಕಾಲ."

ಮುಖ್ಯೋಪಾಧ್ಯಾಯರು ಕ್ಷಮೆ ಕೇಳಿ, ವಾಕ್ಯವನ್ನು ಸರಿಪಡಿಸಿ ಮತ್ತೊಮ್ಮೆ ಹೇಳಿದರು. ಸಭೆ ಎದ್ದುನಿಂತು ಒಂದು ನಿಮಿಷ ಮೌನ ಆಚರಿಸಿತು. ಕೂತು ಮತ್ತೆ ಏಳುವುದು ತ್ರಾಸವಾದ್ದರಿಂದ ಮೇಷ್ಟ್ರು ನಿಂತೇ ಇದ್ದರು.