ಅಲ್ ಹೈಲ್‌ನಲ್ಲಿ ಮನೆ ತೋರಿಸುವ ಕೆಲಸ

ಬಾಡಿಗೆ ಮನೆ ಕೊಡಿಸುವವನಿಗೆ ನಗು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಬೀಗದ ಕೈ ಗೊಂಚಲು ಹಿಡಿದು ಹೊರಟರೆ ಅದೇ ಎದುರು ಬರುತ್ತದೆ. ನಾನು ಉಡುಪಿ ಕಡೆಯವ. ಮಸ್ಕತ್ತಿನ ಅಲ್ ಹೈಲ್‌ನಲ್ಲಿ ಹದಿನೆಂಟು ವರ್ಷದಿಂದ ಇದೇ ಕೆಲಸ. ಈಚೆಗೆ ಬಾಡಿಗೆ ಏರಿ ಎಲ್ಲರೂ ಚಿಕ್ಕ ಮನೆ ಕೇಳುತ್ತಾರೆ.

ರೊಟ್ಟಿ ಪರೀಕ್ಷೆ

ಹಾಗೆ ಕೇಳಿಕೊಂಡು ಬಂದವರು ಧಾರವಾಡದ ಗಂಡ ಹೆಂಡತಿ. ಮೊದಲನೇ ಮಹಡಿಯ ಫ್ಲಾಟು ಬಜೆಟ್ಟಿಗೆ ಹೊಂದಿತು, ಆದರೂ ಆಕೆಗೆ ಅಳುಕು. ಹಿಂದಿನ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನವರು ದೂರು ಕೊಟ್ಟಿದ್ದರಂತೆ. ಸದ್ದು ಕೇಳುತ್ತದೋ ನೋಡಿ ಬನ್ನಿ ಎಂದು ಗಂಡನನ್ನು ಕೆಳಗಿನ ಮನೆಗೆ ಕಳಿಸಿ, ಖಾಲಿ ಅಡುಗೆ ಕಟ್ಟೆಯ ಮೇಲೆ ಬರಿಗೈಯಲ್ಲೇ ಬಡಿಯತೊಡಗಿದರು.

ಎಷ್ಟು ಹೊತ್ತಾದರೂ ಗಂಡ ಬರಲಿಲ್ಲ. ನಾವಿಬ್ಬರೂ ಗಾಬರಿಯಿಂದ ಇಳಿದೆವು. ಕೆಳಗಿದ್ದವರು ವಿಜಯಪುರದ ಅಜ್ಜಿ, ಮಗನ ಜೊತೆ ಇರುವವರು. ಗಂಡನ ಮುಂದೆ ತಟ್ಟೆ ಇಟ್ಟು ಶೇಂಗಾ ಚಟ್ನಿ ಬಡಿಸಿದ್ದರು.

"ಕೈ ನೋವು, ಬಡಿಯೂದು ಬಿಟ್ಟೀನಿ. ಈ ಸಪ್ಪಳ ಕೇಳಿ ವರ್ಷಾತು ಯವ್ವಾ," ಎಂದು ಕಣ್ಣೊರೆಸಿಕೊಂಡರು. "ರೊಟ್ಟಿ ಎಲ್ಲಿ?"

ಅವತ್ತೇ ಕರಾರು ಆಯಿತು. ಅದರಲ್ಲಿ ಬರೆಯದ ಷರತ್ತು ಒಂದೇ: ಸದ್ದಿನ ಹಿಂದೆ ಎರಡು ರೊಟ್ಟಿಯೂ ಕೆಳಗಿಳಿಯಬೇಕು.

ಹತ್ತಕ್ಕೆ ಏಳು

ಇನ್ನೊಂದು ಕಟ್ಟಡದ ಮಾಲೀಕರು ರುಸ್ತಾಕ್‌ನ ಒಮಾನಿ ಹಿರಿಯರು. ಸುತ್ತಲಿನವರೆಲ್ಲ ಬಾಡಿಗೆ ಏರಿಸಿದ್ದಾರೆ, ನಾನೂ ಏರಿಸುತ್ತೇನೆ ಎಂದು ನನ್ನನ್ನು ಕರೆದುಕೊಂಡು ಹೊರಟರು. ಅಲ್ಲಿದ್ದುದು ನಮ್ಮ ತುಳು ಕುಟುಂಬ. ಇನ್ನು ಏರಿದರೆ ಗಂಡ ನನ್ನನ್ನೂ ಮಗಳನ್ನೂ ಊರಿಗೆ ಕಳಿಸುತ್ತಾರೆ ಎಂದು ಆ ಮನೆಯಾಕೆ ಮೊದಲೇ ನನ್ನಲ್ಲಿ ಹೇಳಿಕೊಂಡಿದ್ದರು.

ಬಾಗಿಲು ತೆರೆದದ್ದು ಆರು ವರ್ಷದ ಮಗಳು. ಹಿರಿಯರ ಉದ್ದ ನಿಲುವಂಗಿ ನೋಡಿದ್ದೇ ಓಡಿಹೋಗಿ ಶಾಲೆಯ ಅರಬ್ಬಿ ಹೋಂವರ್ಕ್ ತಂದು, ಅವರು ಒಳಗೆ ಕೂರುತ್ತಲೇ ತೊಡೆಯ ಮೇಲಿಟ್ಟಳು. ಅವರು ಒಂದು ಗಂಟೆ ಕೂತು ಬರೆಸಿದರು. ಬಾಡಿಗೆಯ ಮಾತು ಬರಲೇ ಇಲ್ಲ.

ಮುಂದಿನ ವಾರ ಫೋನ್ ಮಾಡಿ ಮಗುವಿನ ಹೋಂವರ್ಕಿಗೆ ಎಷ್ಟು ಮಾರ್ಕ್ಸ್ ಬಂತು ಎಂದು ಕೇಳಿದರು. ಹತ್ತಕ್ಕೆ ಏಳು ಎಂದೆ.

"ಖಲಾಸ್," ಎಂದರು. "ಈ ವರ್ಷ ಬಾಡಿಗೆ ಹೆಚ್ಚು ಕೇಳುವ ಮುಖ ನನಗಿಲ್ಲ."

ನನ್ನದೇ ಜಾಹೀರಾತು

ನಾವು ಈಗಿರುವ ಮನೆಗೆ ಬಂದದ್ದು ಹೀಗೆ. ನಮ್ಮ ಬಾಡಿಗೆಯೂ ಏರಿತು. ನಿಮ್ಮನ್ನು ನಂಬಿದರೆ ಆಗುವುದಿಲ್ಲ ಎಂದು ಹೆಂಡತಿ ತಾನೇ ಹುಡುಕತೊಡಗಿದಳು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮೊಬೈಲಿನಿಂದ ಜಾಹೀರಾತು ಓದಿದಳು: ಗಾಳಿ ಬೆಳಕಿನ ಮನೆ, ಶಾಂತ ಪರಿಸರ, ಕಡಲ ನೋಟ. ಬರೆದವರು ಸತ್ಯವಂತರ ಹಾಗೆ ಕಾಣುತ್ತಾರೆ ಎಂದಳು.

ಬರೆದವನು ನಾನು. ತಡೆಯಲಾಗದೆ ಒಪ್ಪಿಕೊಂಡೆ. ಗಾಳಿ ಬೆಳಕು ಎಂದರೆ ಕಿಟಕಿಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಶಾಂತ ಎಂದರೆ ಅಲ್ಲಿಗೆ ಬಸ್ಸಿಲ್ಲ, ಕಡಲು ಕಾಣಬೇಕಾದರೆ ತಾರಸಿಯ ನೀರಿನ ಟ್ಯಾಂಕ್ ಹತ್ತಬೇಕು ಎಂದು ವಿವರಿಸಿದೆ.

ಅವಳು ಮೊಬೈಲ್ ಕೆಳಗಿಟ್ಟಳು. "ಮದುವೆಗೆ ಮೊದಲು ನಿಮ್ಮ ಅಪ್ಪನಿಂದ ಒಂದು ಪತ್ರ ಬಂದಿತ್ತಲ್ಲ ಮಾರಾಯ್ರೆ. ಹುಡುಗ ಶಾಂತ ಸ್ವಭಾವ, ಮಸ್ಕತ್ತಿನಲ್ಲಿ ದೊಡ್ಡ ಹುದ್ದೆ ಅಂತ. ಅದನ್ನೂ ನೀವೇ ಬರೆದದ್ದಾ?"

ನಾನು ಅನ್ನ ಕಲಸುತ್ತಲೇ ಇದ್ದೆ. ಅವಳು ಸಾರು ಬಡಿಸಿದಳು.

"ಸಂಜೆ ಹೋಗಿ ನೋಡುವ," ಎಂದಳು. "ನಿಮ್ಮ ಒಂದು ಜಾಹೀರಾತು ನಂಬಿ ಹದಿನೈದು ವರ್ಷ ತೆಗೆದಿದ್ದೇನೆ. ಇದೇನು, ಬರೀ ಮನೆ."