ಅರವತ್ತಾರರ ಸೊಸೆ ಕೆಲಸಕ್ಕೆ ಸೇರಿದ್ದು

ಅರವತ್ತಾರನೆಯ ವಯಸ್ಸಿನಲ್ಲಿ ಸೊಸೆಗೆ ಜ್ಞಾನೋದಯವಾಯಿತು: ಈ ಮನೆಯಲ್ಲಿ ಮುದುಕಿಯ ಹುದ್ದೆ ಖಾಲಿಯಾಗುವಂತಿಲ್ಲ. ತೊಂಬತ್ತೊಂದರ ಅತ್ತೆ ಅದರಲ್ಲಿ ಭದ್ರವಾಗಿ ಕೂತಿದ್ದರು. ಗಂಡ ನಿವೃತ್ತನಾಗಿ ಹತ್ತು ವರ್ಷ (ಅದಕ್ಕೆ ಮೊದಲೂ ಆತ ಮನೆಯಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿಯಿಲ್ಲ). ಸೊಸೆಯೋ ಮಂಡಿಗೆ ಪಟ್ಟಿ ಬಿಗಿದುಕೊಂಡು ಅತ್ತೆಯನ್ನು ಎಬ್ಬಿಸಿ, ಮೀಯಿಸಿ, ಉಣ್ಣಿಸಿ, ಮಲಗಿಸುತ್ತಿದ್ದಳು.

“ನಂಗೂ ವಯಸ್ಸಾಯ್ತು ಅತ್ತೆ.”

“ನಿಂಗಾ? ಮೊನ್ನೆ ಮೊನ್ನೆ ಮದುವೆಯಾಗಿ ಬಂದವಳು! ಆ ದಿಂಬು ಎತ್ತಿಡು.”

ತಾಳ್ಮೆಗೆಟ್ಟ ಸೊಸೆ ಬೀದಿ ತುದಿಯ ವೃದ್ಧಸೇವಾ ಕಚೇರಿಗೆ ಹೋಗಿ ಆಯಾ ಬೇಕೆಂದಳು. ಮ್ಯಾನೇಜರು ಕಿವಿಯ ಯಂತ್ರ ಸರಿಪಡಿಸಿಕೊಂಡು ನಕ್ಕರು.

“ಎಲ್ಲಿಂದ ತರ್ಲಿ ತಾಯಿ? ಹುಟ್ಟೋರು ಕಡಿಮೆ, ಹೋಗೋರಿಗೆ ಅವಸರವಿಲ್ಲ. ಲೋಕವೆಲ್ಲ ಇದೇ ಗೋಳು. ನಿಮಗೆಷ್ಟು ವಯಸ್ಸು?”

“ಅರವತ್ತಾರು.”

“ಅಯ್ಯೋ, ತುಂಬು ಹರೆಯ! ನೀವೇ ಸೇರ್ಕೊಳ್ಳಿ. ಸಂಬಳ, ನೀಲಿ ಕೋಟು. ಸಂಜೆ ಐದಕ್ಕೆ ಬಿಡುಗಡೆ.”

ಬಿಡುಗಡೆ! ಆ ಪದ ಆಕೆಯ ಕಿವಿಗೆ ಬಿದ್ದು ಯಾವ ಕಾಲವಾಗಿತ್ತೋ. ಬೇರೆಯವರ ಅತ್ತೆಯಾದರೆ ಬೈಗುಳದಲ್ಲಾದರೂ ಹೊಸತಿದ್ದೀತು ಎಂದು ಸಹಿ ಹಾಕಿಯೇಬಿಟ್ಟಳು.

ಮನೆಯಲ್ಲಿ ಸುದ್ದಿ ಸಿಡಿಯಿತು.

“ಅಮ್ಮನ್ನ ಯಾರು ನೋಡ್ಕೋತಾರೆ?” ಎಂದ ಗಂಡ.

“ನಿಮ್ಮಮ್ಮ ತಾನೆ? ನೋಡಿದ್ರೆ ಗುರುತು ಸಿಗತ್ತೆ.”

“ನಂಗೆ ಸೊಂಟ...”

“ಇದೆ ಅಂತ ಇವತ್ತು ಗೊತ್ತಾಯ್ತು.”

ಸೊಸೆ ಕೋಟಿನ ಅಳತೆ ನೋಡಿಕೊಳ್ಳಲು ಒಳಗೆ ಹೋದಾಗ ಅತ್ತೆ ಮಗನಿಂದ ಫೋನು ತರಿಸಿಕೊಂಡರು.

ಮರುದಿನ ನೀಲಿ ಕೋಟು ತೊಟ್ಟು ಹೋದವಳಿಗೆ ಮ್ಯಾನೇಜರು ಹೇಳಿದ ವಿಳಾಸ ಆಕೆಯದೇ ಮನೆ!

“ಅದು ನಮ್ಮನೆ ಸ್ವಾಮಿ!”

“ಒಳ್ಳೇದೇ ಆಯ್ತು, ದಾರಿ ಕೇಳೋದು ತಪ್ಪಿತು. ನಿನ್ನೆ ಅಜ್ಜಿ ಫೋನ್ ಮಾಡಿದ್ರು. ಹಣ ಮಗ ಕಟ್ಟಿದಾರೆ. ನೆನಪಿರಲಿ, ಗಿರಾಕಿಗೆ ಎದುರುತ್ತರ ಕೂಡದು.”

ಸೊಸೆ ಹಲ್ಲು ಕಚ್ಚಿ ತನ್ನ ಮನೆಯ ಗಂಟೆ ತಾನೇ ಒತ್ತಿದಳು. ದಿನವಿಡೀ “ಆಯ್ತಮ್ಮ” “ತಂದೆನಮ್ಮ” ಎನ್ನುತ್ತ ನಗುನಗುತ್ತ ದುಡಿದಳು. ಗಡಿಯಾರ ಐದು ಹೊಡೆದದ್ದೇ ತಡ, ಕೋಟು ಕಳಚಿ ಕುರ್ಚಿಯಲ್ಲಿ ಕಾಲು ಚಾಚಿದಳು. ಪಕ್ಕದ ಮಂಚದಲ್ಲಿ ಅತ್ತೆ ಫೋನಿನಲ್ಲಿದ್ದರು.

“ಹಲೋ, ಮ್ಯಾನೇಜರೇ? ನೀವು ಕಳಿಸಿದ ಹೆಂಗಸು ಬಂಗಾರ! ಮುಖ ಗಂಟಿಕ್ಕಲ್ಲ, ಎದುರು ಮಾತಿಲ್ಲ. ನನ್ನ ಸೊಸೆಗಿಂತ ಎಷ್ಟೋ ವಾಸಿ. ರಾತ್ರಿ ಪಾಳಿಗೂ ಇವಳನ್ನೇ ಹಾಕಿಬಿಡಿ.”